ಎಂಟನೆಯ ಸಾವು

ಟ್ಯಾನ್ಸಿ ಫಾಲ್ಸ್, ಒಂಟಾರಿಯೊ
ಜನವರಿ 9, 2018

ಟ್ರೇಸಿಗೆ,

ಹಬ್ಬ ಮುಗಿಯಿತು. ಕ್ರಿಸ್‌ಮಸ್ ಮರದ ದೀಪಗಳನ್ನು ಬಿಚ್ಚಿ ಡಬ್ಬಿಗೆ ತುಂಬಿ ಈಗ ಬರೆಯಲು ಕೂತಿದ್ದೇನೆ. ನಿನ್ನ ಮನೆಯ ವಿಳಾಸ ನನಗೆ ಗೊತ್ತಿಲ್ಲ. ಪತ್ರಿಕೆಯಲ್ಲಿ ನಿನ್ನ ಏಜೆಂಟನ ಹೆಸರಿತ್ತು, ಅವನ ಆಫೀಸಿಗೆ ಕಳಿಸುತ್ತಿದ್ದೇನೆ. ಒಡೆದು ಓದಿದರೆ ಓದಲಿ. ನಿನ್ನ ಅಪ್ಪ ತೀರಿಕೊಂಡಾಗ ಫೋನ್ ಮಾಡಿದ್ದೆ, ನನ್ನ ದನಿ ಕೇಳುತ್ತಲೇ ನೀನು ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ. ಹರಿಯಬೇಕಾದರೂ ಒಮ್ಮೆ ಕೈಯಲ್ಲಿ ಹಿಡಿಯಲೇಬೇಕು.

ನೀನು ಟಿವಿಗೆ ಬರೆದ ಕ್ರಿಸ್‌ಮಸ್ ಸಿನಿಮಾಗಳನ್ನೆಲ್ಲ ನೋಡಿದ್ದೇನೆ. ಏಳು. ಏಳರಲ್ಲೂ ನಾನು ಸತ್ತಿದ್ದೇನೆ.

ಮೂರರಲ್ಲಿ ಕ್ಯಾನ್ಸರ್. ಒಂದರಲ್ಲಿ ಹಿಮದ ರಸ್ತೆಯಲ್ಲಿ ಕಾರು ಜಾರಿ ಸತ್ತೆ. ಉಳಿದವುಗಳಲ್ಲಿ ಯಾಕೆ ಸತ್ತೆನೆಂದು ಹೇಳುವಷ್ಟು ಪುರುಸೊತ್ತೂ ನಿನಗಿರಲಿಲ್ಲ, "ಅಮ್ಮ ಹೋದ ಮೇಲೆ" ಎಂದು ಮಾತು ಶುರುವಾಗುತ್ತದೆ ಅಷ್ಟೆ. ಎಲ್ಲದರಲ್ಲೂ ನಾನು ಒಳ್ಳೆಯವಳು. ಹಾಡುತ್ತಿದ್ದೆ, ಹೆಣಿಗೆ ಹಾಕುತ್ತಿದ್ದೆ, ಊರಿನ ಬಡಬಗ್ಗರಿಗೆ ಸೂಪು ಹಂಚುತ್ತಿದ್ದೆ. ಸತ್ತ ಹಸುವಿಗೆ ಹಾಲು ಹೆಚ್ಚು ಅನ್ನುತ್ತಾರಲ್ಲ, ಹಾಗೆ.

ನನ್ನ ಸಲೂನಿನಲ್ಲಿ ಚಳಿಗಾಲವಿಡೀ ನಿಮ್ಮ ಆ ಚಾನೆಲ್ಲೇ ಓಡುತ್ತಿರುತ್ತದೆ. ಗಿರಾಕಿಗಳು ಕೇಳುತ್ತಾರೆ, ಏನು ಮಾಡಲಿ? ಪಕ್ಕದ ಮನೆಯ ಬರ್ನಿಸ್ ಅಂತೂ ಕೂದಲಿಗೆ ಸುರುಳಿ ಹಾಕಿಸಿಕೊಂಡು ಕೂತು ಗೊಳೋ ಎಂದು ಅಳುತ್ತಾಳೆ. ಮೊನ್ನೆ ನಿನ್ನ ಏಳನೆಯದನ್ನು ನೋಡುತ್ತಾ, "ಎಂಥಾ ತಾಯಿ ಕಣೇ ವರ್ನಾ ಅವಳು. ಪುಣ್ಯಾತ್ಗಿತ್ತಿ. ಅಂಥೋರೇ ಬೇಗ ಹೋಗ್ಬಿಡ್ತಾರೆ ನೋಡು" ಎಂದಳು.

"ಹೋಗ್ದೆ ಸತಾಯಿಸೋರೂ ಇರ್ತಾರೆ ಬಿಡು. ತಲೆ ಅಲ್ಲಾಡಿಸ್ಬೇಡ" ಎಂದೆ.

ಅದರಲ್ಲಿ ಬರುವ ಕಿತ್ತಳೆ ಸಿಪ್ಪೆಯ ಬಿಸ್ಕತ್ತು ನೋಡಿ ನಗು ಬಂತು. ನನ್ನ ಓವನ್ ಕೆಟ್ಟಿತ್ತು, ಏನು ಮಾಡಿದರೂ ಅಡಿ ಸೀದುಹೋಗುತ್ತಿತ್ತು. ಚಾಕುವಿನಲ್ಲಿ ಕೆರೆದು, ಸೀದ ವಾಸನೆ ಗೊತ್ತಾಗದಿರಲಿ ಎಂದು ಕಿತ್ತಳೆ ಸಿಪ್ಪೆ ತುರಿದು ಹಾಕುತ್ತಿದ್ದೆ. ನಿನ್ನ ಸಿನಿಮಾದಲ್ಲಿ ಅದು ಅಮ್ಮನ ಗುಟ್ಟಿನ ಪಾಕವಾಗಿ, ಮುಳುಗುತ್ತಿದ್ದ ಬೇಕರಿಯನ್ನೇ ಎತ್ತಿ ನಿಲ್ಲಿಸಿತು.

ಇಷ್ಟಕ್ಕೆ ನಾನು ಕಾಗದ ಬರೆಯುತ್ತಿರಲಿಲ್ಲ. ಆದರೆ ಬರ್ನಿಸ್ ತಂದುಕೊಟ್ಟ ಪತ್ರಿಕೆಯಲ್ಲಿ ನಿನ್ನ ಸಂದರ್ಶನ ಓದಿದೆ. "ಹನ್ನೊಂದು ವರ್ಷದವಳಿದ್ದಾಗ, ಕ್ರಿಸ್‌ಮಸ್ ಹೊತ್ತಿನಲ್ಲಿ ಅಮ್ಮನನ್ನು ಕಳೆದುಕೊಂಡೆ. ಅದಕ್ಕೇ ಈ ಕಥೆಗಳನ್ನು ಬರೆಯುತ್ತೇನೆ" ಎಂದಿದ್ದೀಯ. ನಾನು ಹೋದದ್ದು ಮಾರ್ಚಿನಲ್ಲಿ, ಟ್ರೇಸಿ. ಹಿಮ ಕರಗಿ ಅಂಗಳವೆಲ್ಲ ರಾಡಿಯಾಗಿತ್ತು. ಸೂಟ್‌ಕೇಸು ಜಾರಿ ಕೆಸರಿಗೆ ಬಿತ್ತು, ನೀನು ಕಿಟಕಿಯಲ್ಲಿ ನಿಂತು ನೋಡಿದೆ. ಅದನ್ನು ಡಿಸೆಂಬರಿಗೆ ಯಾಕೆ ಎತ್ತಿಟ್ಟೆ?

ಸಂದರ್ಶನದ ಜೊತೆ ಫೋಟೊ ಇತ್ತು. ನಿನ್ನ ಪಕ್ಕ ಒಂದು ಮಗು, ಕೆಂಪು ಹಸಿರು ಪಟ್ಟೆಯ ಟೋಪಿ ಹಾಕಿಕೊಂಡು. ನಿನ್ನ ಮಗಳು, ಹೆಸರು ಎಡಿ ಎಂದು ಬರೆದಿದ್ದರು. ಆ ಟೋಪಿ ನಾನು ನಿನಗೆ ಹೆಣೆದದ್ದು. ಅವಳಿಗೆ ನನ್ನ ವಿಷಯ ಏನು ಹೇಳಿದ್ದೀಯ?

ಅಕ್ಷರ ಸೊಟ್ಟಗಿದ್ದರೆ ನನ್ನನ್ನು ಬೈಯಬೇಡ. ಐದು ವರ್ಷದವಳಿದ್ದಾಗ ಕಾರಿನ ಬಾಗಿಲು ದಬಾರನೆ ಹಾಕಿ ನನ್ನ ಬಲಗೈ ಕಿರುಬೆರಳು ಮುರಿದವಳು ನೀನೇ. ಅದು ಆವತ್ತಿನಿಂದ ಕೊಕ್ಕೆಯ ಹಾಗೆ ಹೊರಕ್ಕೆ ಬಾಗಿಯೇ ಇದೆ, ಚಳಿಗೆ ನೋಯುತ್ತದೆ.

ಇನ್ನೂ ಬದುಕಿರುವ,
ವರ್ನಾ


ಟೊರಾಂಟೊ
ಫೆಬ್ರವರಿ 20, 2018

ಶ್ರೀಮತಿ ಪೆಲ್ಕಿ ಅವರಿಗೆ,

ನಿಮ್ಮ ಕಾಗದ ಬಂತು. ಹರಿಯಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಮುಗಿಯುತ್ತದೆ ಎಂದು ಬರೆಯುತ್ತಿದ್ದೇನೆ.

ಈ ಸಿನಿಮಾಗಳಿಗೆ ಕಟ್ಟುಪಾಡುಗಳಿವೆ. ಮುತ್ತು ಕೊನೆಯಲ್ಲಿ ಮಾತ್ರ. ಅದಕ್ಕೂ ಮೊದಲು ಒಂದು ಸಲ ಇಬ್ಬರ ಮುಖ ಹತ್ತಿರ ಬರಬೇಕು, ಅಷ್ಟರಲ್ಲಿ ಯಾರಾದರೂ ಬಾಗಿಲು ತಟ್ಟಬೇಕು. ಯಾರೂ ಕುಡಿದು ತೂರಾಡುವಂತಿಲ್ಲ, ಕೋರ್ಟು ಕಚೇರಿಯ ಮಾತಿಲ್ಲ. ನಾಯಕಿಗೆ ಒಂದು ದುಃಖ ಇರಲೇಬೇಕು, ಆದರೆ ಅದು ಇಸ್ತ್ರಿ ಮಾಡಿದ ದುಃಖವಾಗಿರಬೇಕು. ನೋಡುವವರಿಗೆ ಕಣ್ಣಲ್ಲಿ ನೀರು ಬರಬೇಕು, ಹೊಟ್ಟೆಯಲ್ಲಿ ಸಂಕಟ ಆಗಬಾರದು. ಸತ್ತ ತಾಯಿಯಿಂದ ಇದು ಸಾಧ್ಯ. ಬಿಟ್ಟುಹೋದ ತಾಯಿಯಿಂದ ಸಾಧ್ಯವಿಲ್ಲ.

ನಾನು ಪ್ರಯತ್ನಿಸಲಿಲ್ಲ ಎಂದುಕೊಳ್ಳಬೇಡಿ. ನನ್ನ ಮೊಟ್ಟಮೊದಲ ಕಥೆಯಲ್ಲಿ ತಾಯಿ ಬದುಕಿದ್ದಳು. ಮನೆ ಬಿಟ್ಟು ಹೋಗಿದ್ದವಳು ಹಬ್ಬದ ಊಟದ ಹೊತ್ತಿಗೆ ಬಂದು ಬಾಗಿಲು ತಟ್ಟುತ್ತಿದ್ದಳು. ಚಾನೆಲ್‌ನವರು ಕರೆಸಿ ಕೂರಿಸಿ ಹೇಳಿದರು: "ಟ್ರೇಸಿ, ಈ ಹೆಂಗ್ಸು ಒಳಗ್ ಬಂದ್ಲು ಅಂದ್ರೆ ನೋಡೋರು ಎದ್ದು ಹೋಗ್ತಾರೆ. ಇವಳ್ನ ಎಲ್ರೂ ಬೈಕೊಳ್ತಾರೆ. ಸಾಯಿಸ್ಬಿಡಿ, ಪಾಪ ಅನ್ಸುತ್ತೆ." ಅದೇ ವಾರ ಸಾಯಿಸಿದೆ. ಕಷ್ಟವೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ, ಆಮೇಲೆ ಕಥೆ ತಾನಾಗಿಯೇ ಓಡಿತು.

ಸಂದರ್ಶನದವರು ಕೇಳಿದಾಗಲೂ ಅದೇ ಬಾಯಿಗೆ ಬಂತು. ಒಮ್ಮೆ ಹೇಳಿದ ಮೇಲೆ ಹೇಳುತ್ತಲೇ ಹೋಗಬೇಕಾಯಿತು. ಈಗ ನನ್ನ ಹೆಸರಿನ ಜೊತೆ ಅದು ಅಂಟಿಕೊಂಡಿದೆ, ನನ್ನ ಅನ್ನವೂ ಅದರಲ್ಲೇ ಇದೆ.

ಎಡಿಗೆ ಏಳು ವರ್ಷ. ಅವಳಿಗೆ ಅಜ್ಜಿ ತೀರಿಕೊಂಡಿದ್ದಾರೆ ಎಂದೇ ಗೊತ್ತು. ಅವಳು ಅದನ್ನು ಕೇಳಿ ಅತ್ತಿದ್ದೂ ಆಗಿದೆ, ಮರೆತಿದ್ದೂ ಆಗಿದೆ. ಮತ್ತೆ ಅದನ್ನು ಕೆದಕುವ ಮನಸ್ಸು ನನಗಿಲ್ಲ. ಇನ್ನು ಬರೆಯಬೇಡಿ.

ಟ್ರೇಸಿ ವಿಲರ್ಡ್

ಬಿಸ್ಕತ್ತಿನ ವಿಷಯ: ಅಪ್ಪ ಪ್ರತಿ ಡಿಸೆಂಬರಿನಲ್ಲೂ ಮಾಡುತ್ತಿದ್ದ. ಹೊಸ ಓವನ್ ತಂದ ಮೇಲೂ ಅಡಿ ಸೀಯುವವರೆಗೆ ಕಾಯುತ್ತಿದ್ದ. ನನಗೆ ಅದರ ಕಾರಣ ನಿಮ್ಮ ಕಾಗದ ಓದಿದ ಮೇಲೆ ಗೊತ್ತಾಯಿತು.


ಟ್ಯಾನ್ಸಿ ಫಾಲ್ಸ್
ಮೇ 14, 2018

ಟ್ರೇಸಿಗೆ,

ಬರೆಯಬೇಡ ಎಂದೆ, ಬರೆಯದೆ ಇದ್ದೆ. ಈಗ ಬರೆಯದಿದ್ದರೆ ಕದ್ದು ಮಾಡಿದೆ ಎನ್ನುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ವಾರ ಪುರಸಭೆಯ ಬೋರ್ಡಿನಲ್ಲಿ ಒಂದು ನೋಟೀಸು ಹಚ್ಚಿದರು. ಜುಲೈನಲ್ಲಿ ನಮ್ಮ ಊರಲ್ಲಿ ಕ್ರಿಸ್‌ಮಸ್ ಸಿನಿಮಾ ತೆಗೆಯುತ್ತಾರಂತೆ, ಮುಖ್ಯ ಬೀದಿ ಮೂರು ವಾರ ಬಂದ್. ಕೆಳಗೆ ಚಿಕ್ಕ ಅಕ್ಷರದಲ್ಲಿ ಕಥೆ ಬರೆದವರ ಹೆಸರಿತ್ತು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ನಾನೇನೂ ಅವರನ್ನು ಕರೆಸಿಲ್ಲ. ನಮ್ಮ ಹಳೆಯ ಬ್ಯಾಂಕಿನ ಗಡಿಯಾರ, ಹೊಳೆಯ ಸೇತುವೆ ನೋಡಿ ಮೆಚ್ಚಿದ್ದಾರೆ. ದೇಶದಲ್ಲಿ ಇಷ್ಟೊಂದು ಊರುಗಳಿರುವಾಗ ನಿನ್ನ ಸಿನಿಮಾ ಬಂದು ನನ್ನ ಅಂಗಡಿಯ ಮುಂದೆಯೇ ಬೀಳಬೇಕೆ? ನಿನ್ನ ಕಥೆಯಲ್ಲಾದರೆ ಇದನ್ನು ವಿಧಿ ಎನ್ನುತ್ತಿದ್ದೆ, ಹಿನ್ನೆಲೆಯಲ್ಲಿ ಗಂಟೆ ಬಾರಿಸುತ್ತಿತ್ತು.

ಗುಂಪಿನಲ್ಲಿ ನಿಲ್ಲುವ ಊರಿನವರ ತಲೆ ಬಾಚಿಕೊಡಲು ನನ್ನನ್ನು ಕೇಳಿದ್ದಾರೆ. ಇಡೀ ಊರಿಗೆ ಹೆಂಗಸರ ಸಲೂನು ಇರುವುದು ಇದೊಂದೇ. ನೀನು ಬೇಡ ಎಂದರೆ ಅಂಗಡಿಗೆ ಬೀಗ ಹಾಕಿ ಆ ಮೂರು ವಾರ ಎಲ್ಲಿಗಾದರೂ ಹೋಗುತ್ತೇನೆ. ಹೋಗುವುದು ನನಗೆ ಅಭ್ಯಾಸವಿದೆ ಎಂದು ನೀನು ಹೇಳಬಹುದು, ಹೇಳು.

ನೀನು ಬರುತ್ತೀಯಾ ಎಂದು ಮಾತ್ರ ತಿಳಿಸು.

ವರ್ನಾ


ಟೊರಾಂಟೊ
ಜೂನ್ 3, 2018

ಶ್ರೀಮತಿ ಪೆಲ್ಕಿ ಅವರಿಗೆ,

ನಾನು ಬರುವುದಿಲ್ಲ. ಶೂಟಿಂಗಿಗೆ ಕಥೆ ಬರೆದವರನ್ನು ಯಾರೂ ಕರೆಯುವುದಿಲ್ಲ. ನಿಮ್ಮ ಕೆಲಸ ನೀವು ಮಾಡಿ, ಅಂಗಡಿ ಮುಚ್ಚಬೇಕಾಗಿಲ್ಲ. ನೀವು ಯಾರೆಂದು ಅಲ್ಲಿ ಯಾರಿಗೂ ಹೇಳಬೇಡಿ. ನಿಮ್ಮಿಂದ ನಾನು ಕೇಳುವುದು ಇದೊಂದೇ.

ಟಿ. ವಿಲರ್ಡ್


ಟ್ಯಾನ್ಸಿ ಫಾಲ್ಸ್
ಜುಲೈ 29, 2018

ಟ್ರೇಸಿಗೆ,

ನಿನ್ನ ಜನ ನಿನ್ನೆ ಗಂಟುಮೂಟೆ ಕಟ್ಟಿದರು. ಅವರ ಹಿಮವಿನ್ನೂ ಹೋಗಿಲ್ಲ. ಬೆಳಿಗ್ಗೆ ನನ್ನ ಹೂಕುಂಡಗಳಿಂದ ಕಾಗದದ ಚೂರು ಹೆಕ್ಕಿದೆ.

ಹೊರಗೆ ನೆತ್ತಿ ಸುಡುವ ಬಿಸಿಲು, ಬೀದಿಯ ತುಂಬಾ ಹಿಮ. ಬ್ಯಾಂಕಿನ ಮೆಟ್ಟಿಲಿಗೆ ಬಿಳಿ ಕಂಬಳಿ ಹಾಸಿದರು, ಅದರ ಮೇಲೆ ಕಾಗದದ ಚೂರು ಉದುರಿಸಿದರು, ಕಿಟಕಿಗಳ ಅಂಚಿಗೆ ಸೋಪಿನ ನೊರೆ ಹೊಡೆದರು. ಊರಿನವರಿಗೆಲ್ಲ ಉಣ್ಣೆ ಕೋಟು, ಕೈಗವಸು, ಮಫ್ಲರು. ಕೈಯಲ್ಲಿ ಬಿಸಿ ಚಾಕೊಲೇಟಿನ ಮಗ್ಗು, ಒಳಗೆ ಏನೂ ಇಲ್ಲ. ಬರ್ನಿಸ್ ಕೋಟಿನೊಳಗೆ ಫ್ರಿಜ್ಜಿನ ಬಟಾಣಿ ಪೊಟ್ಟಣ ಸಿಕ್ಕಿಸಿಕೊಂಡು ನಿಂತಿದ್ದಳು. ನಿರ್ದೇಶಕ ಮೈಕಿನಲ್ಲಿ, "ಎಲ್ರೂ ಚಳೀಲಿ ನಡುಗ್ತಾ ಇರ್ಬೇಕು, ಖುಷಿಯಾಗಿ ನಡುಗ್ಬೇಕು" ಎಂದ. "ನಡುಗ್ತೀನಪ್ಪ, ಮೊದ್ಲು ಕುಡಿಯೋಕ್ ನೀರು ಕೊಡ್ಸು" ಎಂದಳು ಬರ್ನಿಸ್. ಆ ಮಾತನ್ನು ಸಿನಿಮಾದಲ್ಲಿ ಇಟ್ಟುಕೊಂಡರೆ ಜನ ನೋಡುತ್ತಾರೆ, ಆದರೆ ನೀವು ಇಟ್ಟುಕೊಳ್ಳುವುದಿಲ್ಲ.

ನಾಯಕಿಯಾದ ಹುಡುಗಿ ಒಳ್ಳೆಯವಳು. ಅವಳ ಕೂದಲಿಗೆ ಬೇರೆಯವರಿದ್ದಾರೆ, ನನ್ನ ಅಂಗಡಿಯಲ್ಲಿ ಏಸಿ ಇದೆ ಎಂದು ಬಂದು ಕೂರುತ್ತಿದ್ದಳು. ಒಂದು ದಿನ, "ನಿಮ್ಗೆ ಮಕ್ಳಿದಾರಾ?" ಎಂದು ಕೇಳಿದಳು.

"ಒಬ್ಳಿದಾಳೆ. ಟೊರಾಂಟೊದಲ್ಲಿ. ಸುಳ್ಳು ಹೇಳಿ ದುಡ್ಡು ಮಾಡ್ತಾಳೆ."

"ಲಾಯರ್ರಾ?"

"ಹಂಗೇ ಏನೋ ಒಂದು."

ಅವಳು ನಕ್ಕಳು. ಅದಕ್ಕಿಂತ ಹೆಚ್ಚಿಗೆ ನಾನು ಯಾರಿಗೂ ಏನೂ ಹೇಳಿಲ್ಲ. ಈ ಊರಿಗೆ ನಾನು ಬಂದದ್ದೇ ನಿಮ್ಮನ್ನು ಬಿಟ್ಟ ಮೇಲೆ; ನಾನು ಯಾರೆಂದು ಇಲ್ಲಿ ಒಬ್ಬರಿಗೂ ಗೊತ್ತಿಲ್ಲ, ಬರ್ನಿಸ್‌ಗೂ ಗೊತ್ತಿಲ್ಲ. ಮಾತು ಕೊಟ್ಟಿರಲಿಲ್ಲ, ಆದರೂ ಉಳಿಸಿಕೊಂಡಿದ್ದೇನೆ.

ಇನ್ನೊಂದು ವಿಷಯವಿದೆ. ಅದನ್ನು ಬರೆಯುವುದಿಲ್ಲ. ಸಿನಿಮಾ ನೋಡಿದಾಗ ನಿನಗೇ ಗೊತ್ತಾಗುತ್ತದೆ.

ವರ್ನಾ


ಟೊರಾಂಟೊ
ಸೆಪ್ಟೆಂಬರ್ 30, 2018

ನಿನ್ನ ಮನಸ್ಸಿನಲ್ಲಿ ಏನಿದೆ? ನಿಜವಾಗಿ ಹೇಳು.

ಎಡಿಟ್ ಮಾಡಿ ಜೋಡಿಸಿದ ಸಿನಿಮಾವನ್ನು ಚಾನೆಲ್‌ನವರು ನಿನ್ನೆ ಕಳಿಸಿದರು. ತಪ್ಪೇನಾದರೂ ಇದೆಯೇ ನೋಡಲು. ಎಡಿ ಪಕ್ಕದಲ್ಲಿ ಕೂತು ಪಾಪ್‌ಕಾರ್ನ್ ತಿನ್ನುತ್ತಿದ್ದಳು. ನಾಯಕಿ ಮನೆಗೆ ಬರುತ್ತಾಳೆ, ಕೋಟು ಬಿಚ್ಚುತ್ತಾಳೆ, ಬೆಂಕಿಗೂಡಿನ ಮೇಲಿಟ್ಟ ತಾಯಿಯ ಫೋಟೊ ಕೈಗೆ ತೆಗೆದುಕೊಳ್ಳುತ್ತಾಳೆ. ಕ್ಯಾಮೆರಾ ಹತ್ತಿರ ಹೋಗುತ್ತದೆ. ನೀನು.

ನೀನೇ, ಗುಡ್ಡದಲ್ಲಿ, ಹಿಮದ ಮೇಲೆ ಜಾರುವ ಬಂಡಿಯ ಪಕ್ಕದಲ್ಲಿ, ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದೀಯ. ನಾನು ಆ ಪಟ್ಟೆ ಟೋಪಿ ಹಾಕಿ, ಮೂಗಿನವರೆಗೆ ಮಫ್ಲರು ಸುತ್ತಿಕೊಂಡು ನಿಂತಿದ್ದೇನೆ. ನನ್ನ ಮುಖ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಎಡಿ ಎದ್ದು ಟಿವಿ ಹತ್ತಿರ ಹೋದಳು. "ಅಮ್ಮ, ಅದು ನನ್ ಟೋಪಿ" ಎಂದಳು. "ಆ ಆಂಟಿ ಯಾರು? ಅವ್ರ ಹತ್ರ ನನ್ ಟೋಪಿ ಹೆಂಗ್ ಬಂತು?"

ಯಾರೋ ಗೊತ್ತಿಲ್ಲ ಎಂದೆ. ಅಂಥ ಟೋಪಿಗಳು ಬೇಕಾದಷ್ಟು ಇರುತ್ತವೆ ಎಂದೆ. ಅವಳು ಒಳಗೆ ಹೋಗಿ ಟೋಪಿ ತಂದು ಟಿವಿಗೆ ಹಿಡಿದು ಪಟ್ಟೆ ಹೋಲಿಸಿ ನೋಡಿದಳು. ನನ್ನ ಮಗಳ ಮುಂದೆ ನಾನು ಕಳ್ಳಿಯ ಹಾಗೆ ಕೂತಿದ್ದೆ.

ನೀನು ಬದುಕಿದ್ದಾಗ ನಮ್ಮ ಮನೆಯಲ್ಲಿ ಇರಲಿಲ್ಲ. ಸತ್ತ ಮೇಲಾದರೂ ಸುಮ್ಮನಿರಲು ಆಗುವುದಿಲ್ಲವೇ? ನೀನು ಹೋದ ಮೇಲೆ ನನ್ನ ಹತ್ತಿರ ಉಳಿದದ್ದು ನಾನು ಮನಸ್ಸಿನಲ್ಲೇ ಕಟ್ಟಿಕೊಂಡ ಒಬ್ಬ ತಾಯಿ. ಅವಳು ಎಲ್ಲೂ ಹೋಗಲಿಲ್ಲ. ಅವಳನ್ನು ಇಟ್ಟುಕೊಂಡು ದೊಡ್ಡವಳಾದೆ, ಅವಳನ್ನು ಇಟ್ಟುಕೊಂಡು ಮನೆ ನಡೆಸುತ್ತಿದ್ದೇನೆ. ಈಗ ನೀನು ಬಂದು ಅವಳ ಜಾಗದಲ್ಲಿ ಕೂತಿದ್ದೀಯ.

ಆ ಫೋಟೊ ಅವರ ಕೈಗೆ ಹೇಗೆ ಹೋಯಿತು? ಅವರಿಗೆ ಏನೇನು ಹೇಳಿದ್ದೀಯ?

ಟ್ರೇಸಿ


ಟ್ಯಾನ್ಸಿ ಫಾಲ್ಸ್
ಅಕ್ಟೋಬರ್ 8, 2018

ಟ್ರೇಸಿಗೆ,

ಇಂದು ಥ್ಯಾಂಕ್ಸ್‌ಗಿವಿಂಗ್. ಬರ್ನಿಸ್ ಮನೆಯಲ್ಲಿ ಟರ್ಕಿ ಕೋಳಿಯ ಊಟ ಮುಗಿಸಿ ಬಂದೆ. ಎಲ್ಲರೂ ಸುತ್ತ ಕೂತು ಯಾವುದಕ್ಕೆ ಕೃತಜ್ಞರು ಎಂದು ಹೇಳಬೇಕು. ನನ್ನ ಸರದಿ ಬಂದಾಗ ಗ್ರೇವಿಗೆ ಎಂದೆ.

ಯಾರಿಗೂ ಏನೂ ಹೇಳಿಲ್ಲ ಎಂದು ಮೊದಲೇ ಬರೆದಿದ್ದೆ. ನಡೆದದ್ದು ಇಷ್ಟು. ಸೆಟ್ಟಿನ ಸಾಮಾನು ನೋಡಿಕೊಳ್ಳುವ ಗಡ್ಡದವನೊಬ್ಬ ಸಲೂನಿನ ಬಾಗಿಲಲ್ಲಿ ನಿಂತು, "ನಮಸ್ಕಾರ, ನನ್ಗೊಬ್ರು ಸತ್ತ ಅಮ್ಮ ಬೇಕಾಗಿದ್ರು" ಎಂದ. ಒಳಗಿದ್ದವರೆಲ್ಲ ತಿರುಗಿ ನೋಡಿದರು. ಸಿನಿಮಾದ ತಾಯಿಗೆ ನಟಿ ಇಲ್ಲ, ಬರೀ ಫೋಟೊ ಇದೆ. ಅದಕ್ಕೆ ಯಾವಾಗಲೂ ಸಿನಿಮಾ ತೆಗೆಯುವ ಊರಿನಲ್ಲೇ ಯಾರದ್ದಾದರೂ ಹಳೆಯ ಫೋಟೊ ಕೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಇಡುತ್ತಾರಂತೆ. ಮೂವತ್ತರ ಆಸುಪಾಸಿರಬೇಕು, ನಗುತ್ತಿರಬೇಕು, ಜೊತೆಯಲ್ಲಿ ಹೆಣ್ಣು ಮಗು ಇದ್ದು ಅದರ ಮುಖ ಕಾಣದಿದ್ದರೆ ಇನ್ನೂ ಒಳ್ಳೆಯದು.

"ನಮ್ ವರ್ನಾ ಆಗಿನ್ ಕಾಲ್ದಲ್ಲಿ ಸಖತ್ತಾಗಿದ್ಲು" ಎಂದಳು ಬರ್ನಿಸ್.

"ಸಾಯೋಕ್ ನಿಮ್ದೇನೂ ಅಭ್ಯಂತರ ಇಲ್ವಲ್ಲ ಮೇಡಂ?" ಎಂದ ಗಡ್ಡದವನು.

"ನನ್ಗೆ ರೂಢಿ ಇದೆ" ಎಂದೆ.

ನನ್ನ ಹತ್ತಿರ ನಿನ್ನ ಜೊತೆಗಿನ ಫೋಟೊಗಳು ಬೇರೆಯೂ ಇದ್ದವು. ಟೋಪಿ ಇದ್ದದ್ದನ್ನೇ ಆರಿಸಿ ಕೊಟ್ಟೆ. ಗೊತ್ತಿದ್ದೇ ಕೊಟ್ಟೆ. ಸುಳ್ಳು ಯಾಕೆ ಹೇಳಲಿ, ಆ ಮಗು ನೋಡಲಿ ಎಂದೇ ಕೊಟ್ಟೆ.

ಆದರೆ ಆಮೇಲೆ ನಡೆದದ್ದು ನಾನು ಎಣಿಸದೆ ಇದ್ದದ್ದು. ಆ ದೃಶ್ಯವನ್ನು ಪಾದ್ರಿಯ ಮನೆಯ ಹಜಾರದಲ್ಲಿ ತೆಗೆದರು. ನಾನು ಹೊರಗೆ ಕಿಟಕಿಯ ಹತ್ತಿರ ಬಾಚಣಿಗೆ ಹಿಡಿದುಕೊಂಡು ನಿಂತಿದ್ದೆ. ಆ ಹುಡುಗಿ ನನ್ನ ಫೋಟೊ ಕೈಯಲ್ಲಿ ಹಿಡಿದು, "ಅಮ್ಮಾ, ನೀನ್ ಹೋದಾಗ್ಲಿಂದ ಈ ಮನೆ ಬೆಚ್ಚಗೇ ಆಗ್ಲಿಲ್ಲ. ನಾನ್ ಏನಾದ್ರೂ ತಪ್ಪು ಮಾಡಿದ್ನಾ?" ಎಂದಳು. ಎಲ್ಲೋ ನಾಯಿ ಬೊಗಳಿತೆಂದು ಮತ್ತೆ ಹೇಳಿಸಿದರು. ಬೆಳಕು ಸರಿಯಿಲ್ಲವೆಂದು ಮತ್ತೆ. ಕಣ್ಣೀರು ಎಡಗಣ್ಣಿಂದ ಬರಲಿ ಎಂದು ಮತ್ತೆ. ಪ್ರತಿ ಸಲವೂ ಅವಳು ನನ್ನ ಮುಖ ನೋಡಿಯೇ ಕೇಳಿದಳು.

ನೀನು ಅದನ್ನು ನನ್ನ ಮುಂದೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಉತ್ತರವಿತ್ತು. ನೀನು ಏನೂ ತಪ್ಪು ಮಾಡಿರಲಿಲ್ಲ. ಸಡ್‌ಬರಿಯ ಲಿಯೋ ಜೊತೆ ಹೋದವಳು ನಾನು, ಅವನ ಜೊತೆಗಿನ ಬಾಳು ಎರಡು ಬೇಸಿಗೆಗೆ ಮುಗಿಯಿತು. ನಿನ್ನನ್ನು ನೋಡಲು ವಾಪಸು ಬಂದೆ. ನಿನ್ನ ಅಪ್ಪ ಬಾಗಿಲು ತೆಗೆಯಲಿಲ್ಲ, ನೀನು ಮೇಲಿನ ಕಿಟಕಿಗೆ ಬಂದು ನನ್ನನ್ನು ನೋಡಿ ಪರದೆ ಎಳೆದೆ. ನಿನ್ನ ಮೊದಲ ಕಥೆಯಲ್ಲಿ ತಾಯಿ ಬಂದು ಬಾಗಿಲು ತಟ್ಟುತ್ತಾಳೆ ಎಂದು ಬರೆದಿದ್ದೀಯಲ್ಲ, ಅವಳು ತಟ್ಟಿದ್ದಳು. ಚಾನೆಲ್‌ನವರು ಸಾಯಿಸುವುದಕ್ಕಿಂತ ಮೊದಲೇ ನೀನು ಅವಳಿಗೆ ಎಳ್ಳುನೀರು ಬಿಟ್ಟಾಗಿತ್ತು. ಹನ್ನೆರಡು ವರ್ಷದ ಮಗುವಿನ ಮೇಲೆ ಸಿಟ್ಟಿಲ್ಲ. ದೊಡ್ಡವಳಾದ ನಿನ್ನ ಮೇಲೆ ಇದೆ.

ಈಗ ಒಂದು ಕೇಳುತ್ತೇನೆ. ಎಡಿಯನ್ನು ತೋರಿಸು ಎಂದು ಕೇಳುವುದಿಲ್ಲ, ನಿನ್ನ ಮನೆಗೆ ಬರುವುದಿಲ್ಲ, ನಾನು ಸತ್ತಿದ್ದೇನೆ ಎಂದು ನೀನು ಯಾರಿಗೆ ಬೇಕಾದರೂ ಹೇಳು. ಆ ಫೋಟೊ ತೆಗೆಸಬೇಡ. ಏಳು ಸಲ ಯಾರದ್ದೋ ಮುಖ ಇಟ್ಟುಕೊಂಡು ಸತ್ತೆ. ಈ ಸಲ ನನ್ನ ಮುಖದಲ್ಲೇ ಸಾಯಲು ಬಿಡು. ಎಡಿ ಯಾರಿಗಾಗಿ ಅತ್ತಳೋ ಅವಳ ಮುಖ ಒಮ್ಮೆ ನೋಡಿರಲಿ.

ವರ್ನಾ


ಟೊರಾಂಟೊ
ನವೆಂಬರ್ 19, 2018

ಶ್ರೀಮತಿ ಪೆಲ್ಕಿ ಅವರಿಗೆ,

ಫೋಟೊ ಬದಲಾಯಿಸಲು ಹೇಳಿದ್ದೇನೆ. ಕಾರಣ ಕೇಳಿದರು. ಆ ಹೆಂಗಸಿನ ಮುಖ ನಾಯಕಿಯನ್ನು ಹೋಲುವುದಿಲ್ಲ ಎಂದೆ, ಅವರು ಒಪ್ಪಿದರು. ಮತ್ತೆ ಚಿತ್ರೀಕರಿಸುವ ಅಗತ್ಯವಿಲ್ಲ, ಕಂಪ್ಯೂಟರಿನಲ್ಲಿ ಬೇರೆ ಮುಖ ಕೂರಿಸುತ್ತಾರೆ. ಟೋಪಿಗೂ ಬೇರೆ ಬಣ್ಣ ಹಾಕಿಸಿದ್ದೇನೆ.

ಸರಿಮಾಡಿದ್ದನ್ನು ತೋರಿಸಿ, "ಇನ್ನೇನಾದ್ರೂ ಬದ್ಲಾಯಿಸ್ಬೇಕಾ, ಸರಿಯಾಗ್ ನೋಡಿ ಹೇಳಿ" ಎಂದರು. ಸರಿಯಾಗಿಯೇ ನೋಡಿದೆ. ಇಷ್ಟು ಸಾಕು ಎಂದೆ.

ನೀವು ಕೇಳಿದ್ದನ್ನು ಕೊಡಲು ನನ್ನಿಂದ ಆಗಲಿಲ್ಲ. ಕ್ಷಮಿಸಿ ಎಂದು ಬರೆದು ಹೊಡೆದುಹಾಕಿ ಮತ್ತೊಂದು ಹಾಳೆ ತೆಗೆದುಕೊಂಡೆ. ನನ್ನ ಇಡೀ ಬದುಕು ನೀವು ಇಲ್ಲ ಎನ್ನುವುದರ ಮೇಲೆ ನಿಂತಿದೆ. ಒಂದು ಇಟ್ಟಿಗೆ ತೆಗೆದರೆ ಎಲ್ಲ ಬೀಳುತ್ತದೆ ಎಂಬ ಭಯ.

ಡಿಸೆಂಬರ್ ಎಂಟರ ಶನಿವಾರ ಪ್ರಸಾರವಾಗುತ್ತದೆ. ನೋಡಬೇಡಿ. ಎಡಿ ಈಗ ಮನೆಯೊಳಗೂ ಆ ಟೋಪಿ ತೆಗೆಯುತ್ತಿಲ್ಲ.

ಟ್ರೇಸಿ


ಟ್ಯಾನ್ಸಿ ಫಾಲ್ಸ್
ಡಿಸೆಂಬರ್ 9, 2018

ಟ್ರೇಸಿಗೆ,

ನೋಡಬೇಡ ಎಂದಿದ್ದೆ. ನೋಡದೆ ಇರುವುದು ನನ್ನ ಕೈಯಲ್ಲಿರಲಿಲ್ಲ. ನಿವೃತ್ತ ಸೈನಿಕರ ಸಭಾಂಗಣದಲ್ಲಿ ದೊಡ್ಡ ಪರದೆ ಕಟ್ಟಿ ಇಡೀ ಊರನ್ನೇ ಕರೆದಿದ್ದರು. ಹೊರಗೆ ಮೊಣಕಾಲುದ್ದ ನಿಜವಾದ ಹಿಮ. ಒಳಗೆ ಎಲ್ಲರೂ ತಂತಮ್ಮ ಮುಖ ಹುಡುಕುತ್ತಾ ಕೂತಿದ್ದರು. ಕೋಟು ಕಂಡವರು ಚಪ್ಪಾಳೆ, ಮೊಣಕೈ ಕಂಡವರು ಚಪ್ಪಾಳೆ. ನಿಮ್ಮ ನಾಯಕ ನಾಯಕಿ ಏನು ಮಾತಾಡಿದರೆಂದು ಒಬ್ಬರಿಗೂ ಕೇಳಲಿಲ್ಲ.

ನನ್ನ ಫೋಟೊ ಬರುತ್ತದೆ ಎಂದು ಬರ್ನಿಸ್ ಊರಿಗೆಲ್ಲ ಡಂಗುರ ಹೊಡೆದಿದ್ದಳು. ಬೇಡವೆಂದರೂ ಕೇಳದೆ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ನೀನು ಬದಲಾಯಿಸಿದ್ದೀಯ ಎಂದು ನನಗೆ ಗೊತ್ತಿತ್ತು. ಯಾರಿಗೆ ಹೇಳಲಿ, ಹೇಗೆ ಗೊತ್ತು ಎಂದರೆ ಏನೆನ್ನಲಿ? ಆ ಹುಡುಗಿ ಮನೆಗೆ ಬಂದಳು, ಕೋಟು ಬಿಚ್ಚಿದಳು, ಫೋಟೊ ಎತ್ತಿಕೊಂಡಳು. ಎಲ್ಲರೂ ಕತ್ತು ಚಾಚಿದರು.

"ಇದು ನೀನಲ್ಲ ಕಣೇ" ಎಂದಳು ಬರ್ನಿಸ್.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಸುಳ್ಳು ಹೇಳಿ ದೊಡ್ಡಸ್ತಿಕೆ ಕೊಚ್ಚಿಕೊಂಡೆ ಎಂದೇ ಊರು ತಿಳಿದುಕೊಂಡಿತು. ಬರ್ನಿಸ್ ನನ್ನ ಪರ ವಹಿಸಿ ನಾಲ್ಕು ಜನರ ಮೇಲೆ ಜಗಳಕ್ಕೆ ಹೋದಳು. ಇವತ್ತು ಬೆಳಿಗ್ಗೆ ಬ್ರೆಡ್ಡಿನ ಅಂಗಡಿಯವನು, "ಏನ್ ವರ್ನಾ, ಸಾಯೋಕೂ ತಗೊಳ್ಲಿಲ್ವಂತೆ ನಿನ್ನ" ಎಂದ. ಅವನಿಗೆ ಅದು ತಮಾಷೆ.

ಚೆಂದದ ಹೆಂಗಸನ್ನು ಹುಡುಕಿದ್ದೀರಿ. ಕೆನ್ನೆಯಲ್ಲಿ ಗುಳಿ, ಕಣ್ಣಲ್ಲಿ ಕರುಣೆ. ಮಕ್ಕಳನ್ನು ಬಿಟ್ಟುಹೋಗುವ ಮುಖವಲ್ಲ. "ನಾನ್ ಏನಾದ್ರೂ ತಪ್ಪು ಮಾಡಿದ್ನಾ?" ಎಂದು ಹುಡುಗಿ ಅವಳನ್ನು ಕೇಳಿದಳು. ಸುತ್ತ ಎಲ್ಲರೂ ಮೂಗು ಒರೆಸಿಕೊಂಡರು. ಅವಳೇನು ಉತ್ತರ ಕೊಡುತ್ತಾಳೆ, ಅವಳಿಗೇನು ಗೊತ್ತು? ನನಗೆ ಹೊಟ್ಟೆ ಉರಿಯಿತು, ಟ್ರೇಸಿ. ಈ ವಯಸ್ಸಿನಲ್ಲಿ, ಇಲ್ಲದ ಹೆಂಗಸಿನ ಮೇಲೆ ಹೊಟ್ಟೆ ಉರಿಯಿತು. ಎದ್ದು ಹೋಗೋಣವೆಂದು ಕೋಟು ಹಿಡಿದುಕೊಂಡೆ.

ಆಗ ಕ್ಯಾಮೆರಾ ಇನ್ನೂ ಹತ್ತಿರ ಹೋಯಿತು.

ಮುಖ ಬೇರೆ, ಕೂದಲು ಬೇರೆ. ಟೋಪಿ ನೀಲಿ. ಆದರೆ ಮಗುವಿನ ಹೆಗಲ ಮೇಲೆ ಒಂದು ಬಲಗೈ ಇದೆ. ಅದರ ಕಿರುಬೆರಳು ಕೊಕ್ಕೆಯ ಹಾಗೆ ಹೊರಕ್ಕೆ ಬಾಗಿದೆ.

ನಾನು ಮತ್ತೆ ಕೂತೆ. ಸಿನಿಮಾ ಮುಗಿದು, ಅವರ ಮುತ್ತು ಮುಗಿದು, ಸಭಾಂಗಣದ ದೀಪ ಹಾಕುವವರೆಗೂ ಕೂತಿದ್ದೆ.

ಸರಿಯಾಗಿ ನೋಡಿ ಹೇಳಿ ಎಂದರು, ಸರಿಯಾಗಿಯೇ ನೋಡಿದೆ ಎಂದು ನೀನೇ ಬರೆದಿದ್ದೀಯ. ಕಾಣಲಿಲ್ಲವೋ, ಕಂಡೂ ಬಿಟ್ಟೆಯೋ, ಅದನ್ನು ನಾನು ಕೇಳುವುದಿಲ್ಲ. ಕಾಣಲಿಲ್ಲ ಎಂದರೆ ನನ್ನಿಂದ ಅದನ್ನು ಓದಲಾಗುವುದಿಲ್ಲ. ಈ ಕಾಗದಕ್ಕೆ ಉತ್ತರ ಬೇಡ.

ಆ ಬೆರಳು ಮುರಿದದ್ದು ಯಾರೆಂದು ಇಡೀ ದೇಶದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಆವತ್ತು ಆಸ್ಪತ್ರೆಯವರೆಗೂ ನೀನು ನನಗಿಂತ ಹೆಚ್ಚು ಅತ್ತೆ. ನಾನು ಇನ್ನೊಂದು ಕೈಯಲ್ಲಿ ನಿನ್ನ ಕಣ್ಣು ಒರೆಸುತ್ತಾ, ನೋಯುತ್ತಿಲ್ಲ ಎಂದು ದಾರಿಯುದ್ದಕ್ಕೂ ಸುಳ್ಳು ಹೇಳಿದೆ.

ನೋಯುತ್ತಿತ್ತು.

ಅಮ್ಮ